ಐವತ್ತು ಗ್ರಾಂ ಅನುಮಾನ

ನಮ್ಮ ಊರಿನ ಶಾಲೆಯ ಅಡುಗೆಮನೆಯಲ್ಲಿ ಒಂದು ಫ್ರೀಜರ್ ಇದೆ. ಅದರಲ್ಲಿಟ್ಟದ್ದನ್ನು ಯಾರೂ ತಿನ್ನುವುದಿಲ್ಲ. ಆ ದಿನ ಮಕ್ಕಳಿಗೆ ಬಡಿಸಿದ ಪ್ರತಿಯೊಂದು ಪದಾರ್ಥದಲ್ಲೂ ಐವತ್ತು ಗ್ರಾಂ ತೆಗೆದು ಪುಟ್ಟ ಚೀಲಕ್ಕೆ ಹಾಕಿ, ಬಿಳಿ ಟೇಪಿನ ಮೇಲೆ ತಾರೀಖು ಬರೆದು ಅಂಟಿಸಿ, ಎರಡು ವಾರ ಅಲ್ಲಿಡುತ್ತಾರೆ. ಯಾವ ಮಗುವಿಗಾದರೂ ಹೊಟ್ಟೆ ಕೆಟ್ಟರೆ ಆ ಚೀಲ ಸಾಕ್ಷಿ ಹೇಳಬೇಕು. ಎರಡು ವಾರ ಯಾರಿಗೂ ಏನೂ ಆಗಲಿಲ್ಲವೆಂದರೆ ಬಿಸಾಡುತ್ತಾರೆ.

ಹಿಸನೊ ಕುವಾಬಾರ ಮೂವತ್ತೆರಡು ವರ್ಷ ಆ ಚೀಲಗಳನ್ನು ತುಂಬಿದರು. ಅವರ ಕೈಯಡುಗೆ ಉಂಡು ಬೆಳೆದವರಲ್ಲಿ ನಾನೂ ಒಬ್ಬಳು. ತಾನು ಮಾಡಿದ ಸಾರನ್ನೇ ಹದಿನಾಲ್ಕು ದಿನ ಅನುಮಾನಿಸುವ ಹೆಂಗಸು ಬೇರೆಯವರ ಮಾತನ್ನು ಕೇಳಿದ ಕೂಡಲೇ ನಂಬುವುದುಂಟೇ? ಪಕ್ಕದ ಮನೆಗೆ ಹೊಸ ಸೊಸೆ ಬಂದಾಗ ಹೇಗಿದ್ದಾಳೆಂದು ಕೇಳಿದವರಿಗೆ ಹಿಸನೊ, "ಎರಡು ವಾರ ಆಗ್ಲಿ, ಆಮೇಲೆ ಹೇಳ್ತೀನಿ" ಎಂದಿದ್ದರಂತೆ. ಸೊಸೆ ಈಗ ಮೂರು ಮಕ್ಕಳ ತಾಯಿ. ಆ ಮಾತನ್ನು ಅವಳೇ ನಗುತ್ತ ನನಗೆ ಹೇಳಿದ್ದು.

ಅಡುಗೆಮನೆಯಲ್ಲಿ ಇನ್ನೊಂದು ಕೆಲಸವೂ ಇತ್ತು. ಊಟ ಮುಗಿದ ಮೇಲೆ ಪ್ರತಿ ತರಗತಿಯಿಂದ ಹಿಂದಿರುಗಿದ ಪಾತ್ರೆಯಲ್ಲಿ ಉಳಿದದ್ದನ್ನು ತೂಗಿ ಬರೆಯಬೇಕು. ಪಾತ್ರೆ ತಂದ ಮಕ್ಕಳು ಕಿಟಕಿಯ ಬಳಿ ಸಾಲಾಗಿ ನಿಂತು, "ಊಟ ತುಂಬಾ ಚೆನ್ನಾಗಿತ್ತು" ಎಂದು ಒಕ್ಕೊರಲಿನಿಂದ ಹೇಳಿ ತಲೆಬಾಗಿ ಓಡುತ್ತಿದ್ದೆವು. ಹಿಸನೊ ನಮ್ಮ ಬೆನ್ನು ಕಾಣುತ್ತಿದ್ದ ಹಾಗೇ ಪಾತ್ರೆಯನ್ನು ತಕ್ಕಡಿಯ ಮೇಲಿಡುತ್ತಿದ್ದರು. ಹೊಗಳಿಕೆಗೆ ತೂಕವಿಲ್ಲ, ಉಳಿದ ಮೂಲಂಗಿಗೆ ಇದೆ ಎಂದು ಅವರು ಹೊಸಬರಿಗೆ ಹೇಳಿಕೊಡುತ್ತಿದ್ದರು.

ಕಳೆದ ಮಾರ್ಚಿನಲ್ಲಿ ಅವರು ನಿವೃತ್ತರಾದರು. ಅದೇ ತಿಂಗಳು ಕುರೊತಾನಿ ಕಣಿವೆಗೆ ಹೋಗುವ ಬಸ್ಸೂ ನಿಂತಿತು. ಆ ಬಸ್ಸನ್ನು ಇಪ್ಪತ್ತಾರು ವರ್ಷ ಓಡಿಸಿದವರು ಅವರ ಗಂಡ ಎಯಿಜೊ. ಕಣಿವೆಯ ಮೇಲ್ತುದಿಯಲ್ಲಿ ಏಳು ಮನೆಗಳಿವೆ. ಬಸ್ಸಿಲ್ಲದೆ ಅಲ್ಲಿನವರು ಪೇಟೆಗೆ ಇಳಿಯುವುದು ಕಡಿಮೆಯಾಯಿತು. ಎಂಬತ್ತಾರು ದಾಟಿದ ತೋಮೆ ಅಜ್ಜಿ ಇಡೀ ಬೇಸಿಗೆಯನ್ನು ಬರೀ ತಣ್ಣನೆಯ ನೂಡಲ್ಸಿನಲ್ಲಿ ಕಳೆದಳೆಂದು ಎಯಿಜೊ ಒಂದು ದಿನ ಸುದ್ದಿ ತಂದರು. ಮಾರನೆಯ ಬೆಳಿಗ್ಗೆ ಹಿಸನೊ ಆರೋಗ್ಯ ಕಚೇರಿಗೆ ಹೋಗಿ, ಮನೆಯ ಹಿಂಬದಿಯ ಕೋಣೆಯನ್ನು ಅಡುಗೆಗೆ ಬಳಸಲು ಪರವಾನಗಿಯ ಅರ್ಜಿ ತಂದರು. ವಾರಕ್ಕೆ ಮೂರು ದಿನ, ಏಳು ಮನೆಗೆ ಮಧ್ಯಾಹ್ನದ ಬಿಸಿ ಬುತ್ತಿ. ಹಿಮ ಬೀಳುವ ಮೊದಲು ಶುರುವಾಗಬೇಕು.

ತೊಡಕಾದದ್ದು ಕಾರು. ಮನೆಯಲ್ಲಿದ್ದ, ಸಣ್ಣ ಎಂಜಿನ್ನಿನ ಕಾರುಗಳಿಗೆ ಕೊಡುವ ಹಳದಿ ಫಲಕದ ಪುಟ್ಟ ಕಾರಿನಲ್ಲಿ ಒಮ್ಮೆ ಪರೀಕ್ಷೆಗೆಂದು ಸಾರು ಒಯ್ದರು. ಮೇಲಿನ ಮನೆಗೆ ಮುಟ್ಟುವ ಹೊತ್ತಿಗೆ ಅದು ಹುಷಾರಿಲ್ಲದವರ ಕೈಯಷ್ಟು ತಣ್ಣಗಿತ್ತು.

"ಒಳಗೇ ಕರೆಂಟಿನ ಸಾಕೆಟ್ ಇರೋ ಕಾರುಗಳಿವೆ ಕಣೆ" ಎಂದರು ಎಯಿಜೊ. "ಪೆಟ್ರೋಲೂ ಉಂಟು, ಬ್ಯಾಟರೀನೂ ಉಂಟು. ಮನೇಲಿ ತಂತಿ ಚುಚ್ಚಿ ಚಾರ್ಜ್ ಮಾಡ್ಕೊಂಡ್ರೆ ಆಯ್ತು. ಅನ್ನದ ಕುಕ್ಕರನ್ನ ಕಾರಲ್ಲೇ ಹಚ್ಚಿಟ್ಕೊಂಡು ಹೋಗ್ಬಹುದು."

"ಎರಡು ದೋಣಿ ಮೇಲೆ ಕಾಲಿಟ್ಟ ಕಾರು ಅನ್ನಿ."

"ನಿನ್ನ ಅಪ್ಪ ನನ್ನ ಬಗ್ಗೇನೂ ಹಿಂಗೇ ಏನೋ ಅಂದಿದ್ರು."

"ಅವರು ಅಂದಿದ್ದು ಸುಳ್ಳಾಯ್ತು ಅಂತ ಯಾರು ಹೇಳಿದ್ರು?"

ನದಿಯ ಪಕ್ಕದ ಹಳೆಯ ಕಾರುಗಳ ಅಂಗಳದಲ್ಲಿ ಅಂಥದೊಂದು ಪ್ಲಗ್-ಇನ್ ಹೈಬ್ರಿಡ್ ನಿಂತಿತ್ತು. ಬೂದು ಬಣ್ಣ, ಆರು ವರ್ಷ ವಯಸ್ಸು. ಅದೇ ವಯಸ್ಸಿನ ಬೇರೆ ಕಾರುಗಳಿಗಿಂತ ಅಗ್ಗ. ಅಲ್ಲಿಂದಲೇ ಹಿಸನೊ ಅವರ ಹುಬ್ಬು ಮೇಲೇರಿತು. ಅಂಗಡಿಯ ಫುರುಸೆ ನಲವತ್ತು ದಾಟದ ಮೃದು ಮಾತಿನ ಮನುಷ್ಯ. ಹಿಂದೆ ಇಬ್ಬರೇ ಕೂರಬಹುದು, ನಡುವೆ ಸೀಟಿನ ಬದಲು ತಟ್ಟೆಯಂಥ ಕಟ್ಟೆಯಿದೆ, ಮಕ್ಕಳೊಂದಿಗರು ಬೇಡವೆನ್ನುತ್ತಾರೆ, ಅದಕ್ಕೇ ಬೆಲೆ ಇಳಿದಿದೆ ಎಂದು ಅವನು ವಿವರಿಸಿದ. ಆಮೇಲೆ ಒಂದು ಕಡತ ತಂದು ಅವರ ಮುಂದಿಟ್ಟ. ಇದೇ ಮಾದರಿಯ ಕಾರು ಕೊಂಡವರು ಒಳಭಾಗದ ಬಗ್ಗೆ ಬರೆದುಕೊಟ್ಟ ಅಭಿಪ್ರಾಯಗಳು. ಒಂದು ಕಡೆ ಮೆಚ್ಚಿದ್ದು, ಇನ್ನೊಂದು ಕಡೆ ಮೆಚ್ಚದ್ದು.

ಹಿಸನೊ ಕನ್ನಡಕ ಹಾಕಿಕೊಂಡು ಪ್ರತಿ ಹಾಳೆಯನ್ನೂ ಓದಿದರು. ಮೆಚ್ಚಿದ ಕಡೆ ಅಕ್ಷರಗಳು ತುಂಬಿ ತುಳುಕುತ್ತಿದ್ದವು. ನಿಶ್ಶಬ್ದ, ನುಣುಪು, ಸೀಟಿನ ಹಿತವಾದ ಬಿಸಿ. ಮೆಚ್ಚದ ಕಡೆ ಎಲ್ಲರೂ ಒಂದೇ ಮಾತು ಬರೆದಿದ್ದರು: ವಿಶೇಷವಾಗಿ ಏನೂ ಇಲ್ಲ.

"ಇದು ಮಕ್ಕಳು ಕಿಟಕಿ ಹತ್ರ ನಿಂತು ಹೇಳೋ ಮಾತು" ಎಂದು ಕಡತ ಮುಚ್ಚಿದರು. "ಪಾತ್ರೆ ಎಲ್ಲಿ?"

"ಪಾತ್ರೆಯಾ, ಮೇಡಂ?"

"ಉಳಿದಿದ್ದು ಎಲ್ಲಿ ಅಂದೆ. ಇಷ್ಟು ಜನ ಕೂತಿದ್ದಾರೆ, ಒಬ್ಬರಿಗೂ ಬೆನ್ನು ನೋಯಲಿಲ್ವಾ?"

ಫುರುಸೆ ಎಯಿಜೊ ಕಡೆ ನೋಡಿದ. ಎಯಿಜೊ ಆಕಾಶ ನೋಡುತ್ತಿದ್ದರು. ಕೊನೆಗೆ ಹಿಸನೊ ಒಂದು ಷರತ್ತು ಹಾಕಿದರು. ಹದಿನಾಲ್ಕು ದಿನ ಕಾರು ತಮ್ಮ ಬಳಿ ಇರಬೇಕು. ಬೇಡವೆನಿಸಿದರೆ ಮರುಮಾತಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳಬೇಕು. ಅಂಥ ಪದ್ಧತಿ ಅಂಗಡಿಯಲ್ಲಿ ಇರಲಿಲ್ಲ. ಆದರೆ ಫುರುಸೆಯೂ ಚಿಕ್ಕಂದಿನಲ್ಲಿ ಒಂಬತ್ತು ವರ್ಷ ಅವರ ಅಡುಗೆ ತಿಂದವನು. ತಲೆ ಬಾಗಿಸಿ ಒಪ್ಪಿಕೊಂಡ.

ಕಾರು ಮನೆಗೆ ಬಂದ ದಿನವೇ ಎರಡು ನಿಯಮಗಳು ಜಾರಿಗೆ ಬಂದವು. ಶೂ ಹಾಕಿಕೊಂಡು ಒಳಗೆ ಕಾಲಿಡುವ ಹಾಗಿಲ್ಲ, ಅಡುಗೆಮನೆಯಲ್ಲಿ ಹಾಕುವ ಬಿಳಿ ಚಪ್ಪಲಿಯೇ ಬೇಕು. ಚಾರ್ಜಿನ ತಂತಿಗೆ ಕೈ ಹಚ್ಚುವ ಹಾಗಿಲ್ಲ, ಹಿಂದಿರುಗಿಸಬೇಕಾಗಿ ಬಂದರೆ ಇದ್ದಂತೆಯೇ ಕೊಡಬೇಕು.

"ಪ್ಲಗ್ ಕಾರು ತಂದು ಪ್ಲಗ್ ಚುಚ್ಚಂಗಿಲ್ವಾ?" ಎಯಿಜೊಗೆ ತಡೆಯಲಾಗಲಿಲ್ಲ. "ಮದುವೆ ಮಾಡ್ಕೊಂಡು ಎರಡು ವಾರ ತವರಲ್ಲೇ ಬಿಟ್ಟ ಹಾಗಾಯ್ತು."

"ಪೆಟ್ರೋಲಲ್ಲಿ ಓಡುತ್ತಲ್ಲ, ಓಡಿಸಿ."

ಶಾಲೆಯಲ್ಲಿ ಬಳಸುತ್ತಿದ್ದಂಥ ಪುಸ್ತಕವೊಂದನ್ನು ತೆಗೆದು ಹಿಸನೊ ನಡುವೆ ಗೆರೆ ಎಳೆದರು. ಮೆಚ್ಚಿದ ಕಡೆ ಮೊದಲ ದಿನ ಬಿದ್ದದ್ದು ಒಂದೇ ಸಾಲು: ಹೊರಟದ್ದು ಗೊತ್ತಾಗುವುದಿಲ್ಲ, ಸಾರಿನ ಮೇಲೆ ಅಲೆ ಏಳುವುದಿಲ್ಲ. ಮೆಚ್ಚದ ಕಡೆ ಪುಟ ತುಂಬಿತು. ಬ್ಯಾಟರಿ ಕೆಳಗಿರುವುದರಿಂದ ಡಿಕ್ಕಿಯ ನೆಲ ಎತ್ತರ, ಬುತ್ತಿಯ ಪೆಟ್ಟಿಗೆ ಮೂರು ಪೇರಿಸಲಾಗದು, ಎರಡೇ. ಮುಂಭಾಗವೆಲ್ಲ ಹೊಳೆಯುವ ಕಪ್ಪು, ಬೆರಳಿಟ್ಟಲ್ಲೆಲ್ಲ ಬೆರಳು ಉಳಿಯುತ್ತದೆ, ಕಳ್ಳನನ್ನು ಹಿಡಿಯಲು ಮಾಡಿದಂತಿದೆ. ಬಿಸಿಗಾಳಿ ಕಡಿಮೆ ಮಾಡಲು ತಿರುಪು ಇಲ್ಲ, ಸ್ಕ್ರೀನಿನಲ್ಲಿ ಹುಡುಕಬೇಕು, ಕೈಗವಸು ಹಾಕಿದರೆ ಅದು ಕಿವುಡು. ಲೋಟದ ಗುಂಡಿಗೆ ಆಳವಿಲ್ಲ, ಮೊದಲ ತಿರುವಿನಲ್ಲೇ ಫ್ಲಾಸ್ಕು ಮಗುಚುತ್ತದೆ. ಕೂತ ಕೂಡಲೇ ಒಬ್ಬಳು ಹೆಂಗಸು ಮಾತಾಡುತ್ತಾಳೆ, ಅವಳು ಯಾರು?

ಮೂರನೆಯ ದಿನ ತೋಮೆ ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಣಿವೆಯಲ್ಲಿ ಒಂದು ಸುತ್ತು ಹೋದರು. ಹೊಗಳಿ ಗೊತ್ತಿಲ್ಲದವಳೆಂದು ಅಜ್ಜಿಗೆ ಏಳು ಮನೆಯಲ್ಲೂ ಹೆಸರಿದೆ. ಹಿಸನೊಗೆ ಬೇಕಾಗಿದ್ದದ್ದೂ ಅಂಥವಳೇ.

"ಚಪ್ಪಲಿ ಬಿಡ್ಬೇಕಾ? ಇದೇನು ಕಾರಾ, ದೇವರ ಮನೇನಾ?" ಅಜ್ಜಿ ಬಾಗಿಲಲ್ಲೇ ನಿಂತಳು.

"ಊಟ ಹೋಗೋ ಕಾರು, ಅಜ್ಜಿ."

"ನಾನು ಊಟ ಅಲ್ಲವಲ್ಲ. ನನ್ನನ್ಯಾರು ತಿಂತಾರೆ?" ಕೂತಳು, ಸೀಟನ್ನು ಎರಡು ಸಲ ಅಂಗೈಯಿಂದ ಬಡಿದಳು. "ಮಂಡಿ ಎದೆಗೆ ಬರುತ್ತೆ ಕಣೆ. ಕೆಳಗೆ ಏನು ಹೂತಿಟ್ಟಿದ್ದಾರೆ?"

"ಬ್ಯಾಟರಿ."

"ನಡುವಿರೋ ಈ ಗೋಡೆ? ಪಕ್ಕದಲ್ಲಿ ಕೂತವರ ಜೊತೆ ಜಗಳ ಆಡೋಕೂ ಆಗಲ್ಲ." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಎಯಿಜೊ, ಹೊರಡು ಅಂದ್ರೆ ಯಾಕೋ ನಿಂತಿದೀಯ?"

"ಹೊರಟು ಐದು ನಿಮಿಷ ಆಯ್ತಲ್ಲ ಅಜ್ಜಿ, ಕಿಟಕಿ ನೋಡು."

ಅಜ್ಜಿ ಕಿಟಕಿ ನೋಡಿದಳು. ಅವಳ ಹೊಲದ ಬೇಲಿ ಸದ್ದಿಲ್ಲದೆ ಹಿಂದಕ್ಕೆ ಹೋಗುತ್ತಿತ್ತು. "ಸತ್ಮೇಲೆ ಒಯ್ಯೋವಾಗ ಹಿಂಗೇ ಇರುತ್ತೇನೋ" ಎಂದಳು.

ಅಜ್ಜಿ ಆಡಿದ್ದು ಬಾಯಿಗೆ ಬಂದ ಮಾತು. ಆದರೆ ಹಿಸನೊ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮನೆಗೆ ಬಂದರು.

ಐದನೆಯ ದಿನ ಚಳಿ ಬಿತ್ತು. ಬೆಳಿಗ್ಗೆ ಕಾರಿನ ಗಾಜುಗಳು ಒಳಗಿನಿಂದ ಮಂಜಾಗಿದ್ದವು. ಒರೆಸಲು ಬಟ್ಟೆ ಹಿಡಿದು ಹೋದ ಹಿಸನೊ ಹಿಂಬದಿಯ ಗಾಜಿನ ಮುಂದೆ ನಿಂತುಬಿಟ್ಟರು. ಮಂಜಿನಲ್ಲಿ ನಾಲ್ಕು ಮೂಲೆಗೆ ನಾಲ್ಕು ಉಂಗುರಗಳು ಮೂಡಿದ್ದವು. ಎದುರಿನ ಗಾಜಿನಲ್ಲೂ ನಾಲ್ಕು. ಗಾಜಿಗೆ ಒತ್ತಿ ಅಂಟಿಸುವ ರಬ್ಬರಿನ ಗುರುತು. ಪರದೆ ಕಟ್ಟಿದವರು ಯಾರೋ ಇಲ್ಲಿ ಮಲಗಿದ್ದಾರೆ.

ಅವರು ಸೀಟಿನ ಸಂದಿಗೆ ಮೂಗು ಹಚ್ಚಿದರು. ಸಾವಿರ ಮಕ್ಕಳ ಊಟದಲ್ಲಿ ಹುಳಿ ತಿರುಗಿದ ಒಂದೇ ಒಂದು ಹೂಕೋಸನ್ನು ಹಿಡಿದ ಮೂಗು ಅದು. ಅಂಗಡಿಯವರು ಹೊಡೆದ ನಿಂಬೆಯ ಸುಗಂಧದ ಕೆಳಗೆ ಇನ್ನೊಂದಿತ್ತು. ಅನ್ನ ಬೆಂದ ಹಬೆ, ಉಪ್ಪಿನಲ್ಲಿ ಹಾಕಿದ ಹುಳಿಯ ಉಮೆ ಕಾಯಿ. ಸೀಟು ಸರಿಯುವ ಕಂಬಿಯೊಳಗೆ ಕೂದಲ ಪಿನ್ನು ಹಾಕಿ ಕೆದಕಿದಾಗ ಒಣಗಿದ ನಾಲ್ಕು ಅಗುಳು ಬಂದವು. ಬರೀ ಅನ್ನದ ಅಗುಳಲ್ಲ. ಬಿರಿದು, ಅಂಚು ಕರಗಿ, ಒಂದಕ್ಕೊಂದು ಹತ್ತಿಕೊಂಡ ಗಂಜಿಯ ಅಗುಳು. ಸಾಕೆಟ್ಟಿನ ಮುಚ್ಚಳ ತೆರೆದು ನೋಡಿದರು. ಅದರ ತುದಿ ಉಗುರು ತಾಗಿ ತಾಗಿ ಬೆಳ್ಳಗೆ ಸವೆದಿತ್ತು.

ಮಾರನೆಯ ದಿನ ಡಿಕ್ಕಿಯ ನೆಲವನ್ನು ಎತ್ತಿ ತಂತಿಯ ಚೀಲವನ್ನು ಹೊರತೆಗೆದರು. ಚಾರ್ಜಿನ ತಂತಿಗೆ ಕಾರ್ಖಾನೆಯಲ್ಲಿ ಸುತ್ತಿದ ಕಟ್ಟು ಹಾಗೆಯೇ ಇತ್ತು. ಆರು ವರ್ಷದಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ.

"ರೀ, ಇಲ್ಲಿ ಬನ್ನಿ" ಎಂದು ಕರೆದರು. "ಮನೆ ಇರೋರು ಆದ್ರೆ ತಂತಿ ಚುಚ್ತಿದ್ರು. ಇವರು ಬರೀ ಪೆಟ್ರೋಲ್ ಸುಟ್ಟು ಗಂಜಿ ಬೇಯಿಸಿದ್ದಾರೆ. ಮನೆ ಇಲ್ದೋರು, ಇಲ್ಲ ಮನೆಗೆ ಹೋಗೋಕೆ ಆಗ್ದೋರು."

"ನಿನ್ನಂಥ ಹೆಂಡತಿ ಇದ್ದಿರ್ಬೇಕು. ಹದಿನಾಲ್ಕು ದಿನ ಬೇಡ ಅಂದಿರ್ತಾಳೆ, ಅವನು ಮರೆತೇಬಿಟ್ಟ."

ಹಿಸನೊ ನಗಲಿಲ್ಲ. ಚೀಲದ ಬಾಯಿಯ ಒಳಮಡಿಕೆಯನ್ನು ತಿರುವಿ ತೋರಿಸಿದರು. ಅಲ್ಲಿ ಬಿಳಿ ಟೇಪಿನ ತುಂಡುಗಳು ಒಂದರ ಕೆಳಗೊಂದು ಅಂಟಿದ್ದವು. ಪ್ರತಿಯೊಂದರ ಮೇಲೂ ಒಂದು ತಾರೀಖು, ಒಂದು ಅಂಕಿ. ನೂರ ಇಪ್ಪತ್ತು, ನೂರ ಹತ್ತು, ಮತ್ತೆ ನೂರ ಹತ್ತು, ತೊಂಬತ್ತು. ಹೀಗೆ ಇಳಿಯುತ್ತ ಇಳಿಯುತ್ತ ಐವತ್ತು, ಮೂವತ್ತು, ಇಪ್ಪತ್ತು. ಕೊನೆಯ ತುಂಡಿನ ಮೇಲೆ ಸೊನ್ನೆ. ಅದರ ಕೆಳಗೆ ಖಾಲಿ ಬಟ್ಟೆ.

"ಸಿಗರೇಟು ಬಿಡ್ತಾ ಇದ್ದ ಯಾರೋ" ಎಂದರು ಎಯಿಜೊ.

"ದಿನಕ್ಕೆ ನೂರಿಪ್ಪತ್ತು ಸಿಗರೇಟಾ? ಟೇಪ್ ನೋಡಿ. ಫ್ರೀಜರಲ್ಲೂ ಬಿಡದ ಟೇಪು ಇದು. ಮೂಲೆ ನೋಡಿ, ಆಮೇಲೆ ಕೀಳೋಕೆ ಸುಲಭ ಆಗ್ಲಿ ಅಂತ ಮಡಚಿದ್ದಾರೆ. ಇದು ಅಡುಗೆಮನೇಲಿ ಕೆಲಸ ಮಾಡಿದ ಕೈ."

ಎಷ್ಟು ಬಡಿಸಿದೆ ಎಂದು ಬರೆಯುವವರು ಅಂಕಿ ಇಳಿಸುವುದಿಲ್ಲ. ಇದು ಉಳಿದದ್ದರ ತೂಕ. ಗಂಜಿ ಬೇಯಿಸಿ ಯಾರಿಗೋ ಕೊಟ್ಟು, ಬಟ್ಟಲು ಹಿಂದಿರುಗಿದ ಮೇಲೆ ತೂಗಿ ಬರೆದಿದ್ದಾರೆ. ಎಯಿಜೊ ಓಡಿಸುತ್ತಿದ್ದ ಬಸ್ಸಿಗೆ ಕಣಿವೆಯ ಎದುರು ತುದಿಯ ಕೊನೆಯ ನಿಲ್ದಾಣ ಕಡಲ ಕಡೆಯ ದೊಡ್ಡ ಆಸ್ಪತ್ರೆಯಾಗಿತ್ತು. ಅಲ್ಲಿ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಬೆಳಿಗ್ಗೆ ಹೊತ್ತು ಗಾಜು ಮಂಜಾದ ಕಾರುಗಳು ನಿಂತಿರುತ್ತಿದ್ದವು ಎಂದರು. ದೂರದ ಊರಿನವರು, ದಿನಾ ಹೋಗಿ ಬರಲಾಗದವರು.

"ಹಾಗಾದ್ರೆ ಒಳ್ಳೇದಾಯ್ತಲ್ಲ" ಎಂದರು ಎಯಿಜೊ. "ಸೊನ್ನೆ ಅಂದ್ರೆ ಪೂರ್ತಿ ಊಟ ಮಾಡಿದ್ರು ಅಂತ. ಗುಣ ಆಯ್ತು, ಮನೆಗೆ ಹೋದ್ರು."

ಸೊನ್ನೆಯ ಬಗ್ಗೆ ಹಿಸನೊಗೆ ಹಳೆಯ ಗಾಯವಿತ್ತು. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ, ಒಂದು ದಿನ ಪುಸ್ತಕದಲ್ಲಿ ನಾಲ್ಕನೆಯ ತರಗತಿಯ ಮುಂದೆ ಸೊನ್ನೆ ಬಂದಿತ್ತು. ಪಾಲಕ್ ಸೊಪ್ಪಿನ ದಿನ! ಒಂದು ಎಲೆಯೂ ಉಳಿದಿಲ್ಲ! ಹಿಗ್ಗಿ ಓಡಿಹೋಗಿ ದೊಡ್ಡ ಅಡುಗೆಯಮ್ಮನಿಗೆ ಹೇಳಿದರು. ಆಕೆ ಕೈ ಒರೆಸಿಕೊಳ್ಳುತ್ತ, "ಆ ತರಗತಿಗೆ ಜ್ವರ ಅಂತ ರಜೆ ಕೊಟ್ಟಿದ್ದಾರೆ. ಪಾತ್ರೇನೇ ಹೋಗಿಲ್ಲ, ಹುಡುಗಿ" ಎಂದರು. ಉಂಡು ಮುಗಿಸಿದರೂ ಸೊನ್ನೆ. ಉಣ್ಣುವವರೇ ಇಲ್ಲದಿದ್ದರೂ ಸೊನ್ನೆ. ತಕ್ಕಡಿಗೆ ಎರಡೂ ಒಂದೇ.

ಅಲ್ಲಿಂದ ಮುಂದಿನ ದಿನಗಳು ಹಿಸನೊಗೆ ಕಷ್ಟವಾದವು. ಕಾರಿನೊಳಗೆ ಒಬ್ಬರು ತೀರಿಹೋಗಿದ್ದರೆ? ಕೊನೆಯ ತುತ್ತು ನಿರಾಕರಿಸಿ ಆ ಸೀಟಿನಲ್ಲೇ ಕಣ್ಣು ಮುಚ್ಚಿದ್ದರೆ? ಅದಕ್ಕೇ ಅಗ್ಗವಾದರೆ? ದೆವ್ವಕ್ಕೆ ಅವರು ಹೆದರುವವರಲ್ಲ. ಆದರೆ ಏಳು ಮನೆಯ ಮುದುಕರ ಬಾಯಿಗೆ ಹೋಗುವ ಅನ್ನವನ್ನು, ಸಾವು ಕೂತಿದ್ದಿರಬಹುದಾದ ಜಾಗದಲ್ಲಿ ಇಡುವುದು ಹೇಗೆ? ಬೇರೆ ಯಾರಿಗೂ ಗೊತ್ತಾಗುವುದಿಲ್ಲ, ನಿಜ. ಫ್ರೀಜರಿನಲ್ಲಿಟ್ಟ ಚೀಲಗಳನ್ನೂ ಮೂವತ್ತೆರಡು ವರ್ಷ ಯಾರೂ ಕೇಳಿರಲಿಲ್ಲ. ಆದರೂ ಇಟ್ಟಿದ್ದರು.

ಕಾರು ಹಿಂದಿರುಗಿಸಿದರೆ ಈ ಚಳಿಗಾಲಕ್ಕೆ ಬುತ್ತಿಯಿಲ್ಲ. ಅಂಥ ಇನ್ನೊಂದು ಕಾರು ಸುತ್ತಲ ಊರುಗಳಲ್ಲಿ ಇರಲಿಲ್ಲ. ಮೇಲಿನ ಗುಡ್ಡದ ತಲೆಗೆ ಆಗಲೇ ಬಿಳಿ ಬಂದಿತ್ತು. ತೋಮೆ ಅಜ್ಜಿ ಫೋನು ಮಾಡಿ, "ಆ ಹೆಣದ ಬಂಡಿ ಯಾವತ್ತು ಬರುತ್ತೆ? ಬದನೆಕಾಯಿ ಮಾಡ್ತೀನಿ ಅಂದಿದ್ದೆಯಲ್ಲ" ಎಂದು ಕೇಳಿದಳು.

"ನೇರ ಹೋಗಿ ಫುರುಸೆನ ಕೇಳ್ಬಾರ್ದಾ?" ಎಂದರು ಎಯಿಜೊ.

"ಕೇಳಿದ್ರೆ ಏನಂತಾನೆ? ಏನೂ ಆಗಿಲ್ಲ ಮೇಡಂ, ಒಬ್ಬರೇ ಯಜಮಾನರು, ಚೆನ್ನಾಗಿ ನೋಡ್ಕೊಂಡಿದ್ರು ಅಂತಾನೆ. ನಾನು ಕೇಳೋ ಮಾತಲ್ಲೇ ಅವನಿಗೆ ಉತ್ತರ ಸಿಕ್ಬಿಡುತ್ತೆ. ಸುಳ್ಳು ಹೇಳೋಕೆ ಜಾಗ ಕೊಡ್ಬಾರ್ದು."

ಹದಿಮೂರನೆಯ ದಿನ ಬೆಳಿಗ್ಗೆ ಒಬ್ಬರೇ ಕಾರು ತೆಗೆದುಕೊಂಡು ಅಂಗಡಿಗೆ ಹೋದರು. ಫುರುಸೆ ಚಹಾ ತಂದ. ಜೊತೆಗೆ ತಟ್ಟೆಯಲ್ಲಿ ಸೆಂಬೆ, ಸುಟ್ಟ ಅಕ್ಕಿಯ ಗಟ್ಟಿ ಬಿಲ್ಲೆಗಳು. ಹಿಸನೊ ಯಾವುದನ್ನೂ ಮುಟ್ಟದೆ ಕೂತರು. ಟೇಪಿನ ವಿಷಯ, ಗಂಜಿಯ ವಿಷಯ ಬಾಯಿ ಬಿಡಲಿಲ್ಲ.

"ಹಿಂದಿನ ಯಜಮಾನರ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ ಮೇಡಂ" ಎಂದ ಫುರುಸೆ, ಕೇಳುವ ಮೊದಲೇ. "ನಿಯಮ ಇದೆ."

"ಹೇಳ್ಬೇಡಿ. ನಾನು ನಿಮ್ಮ ಬಗ್ಗೆ ಕೇಳ್ತೀನಿ. ಈ ಕಾರನ್ನ ತಂದು ಒಪ್ಪಿಸಿದ ದಿನ ನೀವು ಎಷ್ಟು ಲೋಟ ಚಹಾ ತಂದಿಟ್ರಿ?"

ಫುರುಸೆ ಬಾಗಿಲ ಕಡೆ ನೋಡಿದ, ಮೇಜಿನ ಕಡೆ ನೋಡಿದ. ತನ್ನ ಚಹಾದ ಬಗ್ಗೆ ಯಾವ ನಿಯಮವಿದೆಯೆಂದು ನೆನಪಿಸಿಕೊಳ್ಳುತ್ತಿದ್ದಂತೆ ಕಂಡ.

"ಎರಡು."

"ನಿಮ್ಮದೂ ಸೇರಿಸಿ?"

"ನಂದು ಬಿಟ್ಟು."

"ತಿನ್ನೋಕೆ ಏನಿಟ್ರಿ?"

"ಇದೇ. ಸೆಂಬೆ. ಯಾವಾಗ್ಲೂ ಇದೇ ಇಡೋದು."

"ತಟ್ಟೆ ವಾಪಸ್ ಎತ್ತಿದಾಗ ಎಷ್ಟು ಉಳಿದಿತ್ತು?"

"ಒಂದೂ ಇರ್ಲಿಲ್ಲ."

ಮತ್ತೆ ಸೊನ್ನೆ. "ಇಬ್ಬರೂ ತಿಂದ್ರಾ?"

"ಒಬ್ಬರು ಮುಟ್ಟಲಿಲ್ಲ. ಸುಮ್ನೆ ನೋಡ್ತಾ ಕೂತಿದ್ರು. ಇನ್ನೊಬ್ಬರು, ಉಣ್ಣೆ ಟೋಪಿ ಹಾಕ್ಕೊಂಡಿದ್ರು, ತುಂಬಾ ತೆಳ್ಳಗೆ… ಅವರೇ ಎಲ್ಲಾ ತಿಂದಿದ್ದು."

"ತಿಂದು ಚೆನ್ನಾಗಿದೆ ಅಂದ್ರಾ?"

ಚೆನ್ನಾಗಿದೆ ಅಂದರು ಎಂದು ಅವನು ಹೇಳಿದ್ದರೆ ಹಿಸನೊ ಅಲ್ಲಿಯೇ ಕೀಲಿ ಮೇಜಿನ ಮೇಲಿಟ್ಟು ಎದ್ದುಬಿಡುತ್ತಿದ್ದರು. ನನಗೆ ಅವರೇ ಹೇಳಿದ್ದು ಇದು. ಕೀಲಿ ಆಗಲೇ ಕೈಯಲ್ಲಿತ್ತಂತೆ.

ಫುರುಸೆಯ ಕಿವಿ ಕೆಂಪಾಯಿತು. "ಇಲ್ಲ ಮೇಡಂ. ಬೈದ್ರು."

"ಏನಂತ?"

"ಮೆತ್ತಗಾಗಿದೆ, ಡಬ್ಬಿ ಮುಚ್ಚಿಡೋಕೆ ಬರಲ್ವಾ ನಿಮಗೆ ಅಂದ್ರು. ನಾಲ್ಕು ತಿಂಗಳು ಗಂಜಿ ಕುಡಿದೋನಿಗೆ ಕಡೆಗೂ ಹಲ್ಲಿಗೆ ಏನೋ ಸಿಕ್ತು ಅಂದ್ಕೊಂಡ್ರೆ ಅದೂ ಮೆತ್ತಗಾ ಅಂತ. ಅನ್ಕೊಂಡೇ ಕೊನೇವರೆಗೂ ತಿಂದ್ರು. ಪಕ್ಕದಲ್ಲಿದ್ದ ಅಮ್ಮ ಆಗ…" ಅಲ್ಲಿಗೆ ಅವನು ಬಾಯಿಯ ಮೇಲೆ ಕೈಯಿಟ್ಟುಕೊಂಡ. ಹೇಳಬಾರದ್ದನ್ನು ಹೇಳಿಬಿಟ್ಟಿದ್ದ.

ಅಂಗಡಿಯ ಹೊರಗೆ ಯಾರೋ ಕಾರು ತೊಳೆಯುತ್ತಿದ್ದರು. ನೀರಿನ ಸದ್ದು ಕೇಳಿಸುತ್ತಿತ್ತು. ಹಿಸನೊ ತಟ್ಟೆಯಿಂದ ಒಂದು ಬಿಲ್ಲೆ ತೆಗೆದು ಕಚ್ಚಿದರು. ಮುರಿಯುವ ಸದ್ದು ಬರಲಿಲ್ಲ. ನಿಧಾನವಾಗಿ ಅಗಿದರು.

"ಇವತ್ತಿಗೂ ಮೆತ್ತಗೇ ಇದೆಯಲ್ಲಪ್ಪ" ಎಂದರು.

"ಕ್ಷಮಿಸಿ ಮೇಡಂ."

"ಡಬ್ಬಿ ಒಳಗೆ ನಾಲ್ಕು ಹುರಿದ ಅಕ್ಕಿಕಾಳು ಬಟ್ಟೇಲಿ ಕಟ್ಟಿ ಹಾಕಿಡು." ಚಿಕ್ಕಂದಿನಲ್ಲಿ ಹಾಲು ಕುಡಿಯದೆ ಅಡಗಿಸಿಡುತ್ತಿದ್ದ ಹುಡುಗನಿಗೆ ಹೇಳಿದ ಹಾಗೆ ಏಕವಚನದಲ್ಲೇ ಹೇಳಿ ಎದ್ದರು. ಕೀಲಿ ಅವರ ಜೊತೆಯಲ್ಲೇ ಹೋಯಿತು.

ಇಷ್ಟಾದರೂ ಹದಿನಾಲ್ಕನೆಯ ದಿನ ಮುಗಿಯುವವರೆಗೆ ಅವರು ಕಾದರು. ಎಯಿಜೊ ಗೊಣಗಿದರು, ಆದರೆ ಹೆಚ್ಚಲ್ಲ. ಆ ದಿನವೆಲ್ಲ ಹಿಸನೊ ಕಾರಿನ ಒಳಗನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿದರು. ಮೆಚ್ಚದ ಪಟ್ಟಿಯಿಂದ ಒಂದನ್ನೂ ಅಳಿಸಲಿಲ್ಲ. ಫ್ಲಾಸ್ಕು ಮಗುಚದಂತೆ ಲೋಟದ ಗುಂಡಿಗೆ ಹಳೆಯ ಟವೆಲ್ಲಿನ ಸುರುಳಿ ಹಾಕಿದರು. ಹೊಳೆಯುವ ಕಪ್ಪಿನ ಮೇಲೆ ಅಡುಗೆಮನೆಯ ಬಟ್ಟೆ ಹಾಸಿದರು. ಕೂತ ಕೂಡಲೇ ಮಾತಾಡುವ ಹೆಂಗಸಿನ ದನಿ ನಿಲ್ಲಿಸುವುದು ಹೇಗೆಂದು ಅರ್ಧ ಗಂಟೆ ಸ್ಕ್ರೀನಿನಲ್ಲಿ ಹುಡುಕಿ, ಸಿಗದೆ, ಹಾಳಾಗಲಿ ಎಂದು ಬಿಟ್ಟರು. ಹಿಂದಿನ ಗಾಜುಗಳ ಉಂಗುರಗಳನ್ನು ಒರೆಸಿದರೋ ಇಲ್ಲವೋ, ಅದನ್ನು ಹೇಳಲಿಲ್ಲ.

ಹದಿನೈದನೆಯ ದಿನ ಬುಧವಾರ. ಅನ್ನ, ಬದನೆಕಾಯಿ ಪಲ್ಯ, ಮೂಲಂಗಿ ಹಾಕಿ ಬೇಯಿಸಿದ ಮೀನು, ಹುದುಗಿಸಿದ ಸೋಯಾದ ಮಿಸೊ ಸಾರು. ಎಲ್ಲದರಿಂದಲೂ ತೆಗೆದ ಐವತ್ತು ಗ್ರಾಂ ಮನೆಯ ಫ್ರೀಜರಿಗೆ ಹೋಯಿತು. ಡಿಕ್ಕಿಯಲ್ಲಿ ಪೆಟ್ಟಿಗೆಗಳು ಎರಡೆರಡಾಗಿ ಕೂತವು. ಸಾರಿನ ಪಾತ್ರೆ ಹಿಂದಿನ ಸೀಟುಗಳ ನಡುವಿನ ಕಟ್ಟೆಯ ಮೇಲೆ, ಅಲುಗದ ಹಾಗೆ, ಅದಕ್ಕೆಂದೇ ಮಾಡಿದ ಜಾಗದಂತೆ ಕೂತಿತು. ಅದರ ತಂತಿ ಸವೆದ ಮುಚ್ಚಳದ ಸಾಕೆಟ್ಟಿಗೆ ಸೇರಿತು. ಯಾರಿಗೂ ಬೇಡವಾದ ಆ ಕಟ್ಟೆಯನ್ನು ಹಿಸನೊ ತಮ್ಮ ಪುಸ್ತಕದಲ್ಲಿ ಮೆಚ್ಚಿದ ಕಡೆ ಬರೆದರು. ಅದು ಆ ಪುಟದ ಎರಡನೆಯ ಸಾಲು.

ತೋಮೆ ಅಜ್ಜಿ ಹೊಸ್ತಿಲಲ್ಲೇ ಕಾಯುತ್ತಿದ್ದಳು. ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮುಖವನ್ನು ಹಬೆಗೆ ಒಡ್ಡಿದಳು.

"ಬಿಸಿ ಹೆಚ್ಚಾಯ್ತು. ನಾಲಿಗೆ ಸುಡ್ಬೇಕು ಅಂತಾನಾ?"

"ಆರಿಸ್ಕೊಂಡು ಕುಡೀರಿ."

"ಮೂಲಂಗಿ ದಪ್ಪ ಹೆಚ್ಚಿದೀಯ."

"ಆಯ್ತು, ಶುಕ್ರವಾರ ತೆಳ್ಳಗೆ ಹೆಚ್ತೀನಿ."

"ಶುಕ್ರವಾರ ಏನು ಮಾಡ್ತೀಯ?" ಎಂದು ಅಜ್ಜಿ ಬೇಗ ಕೇಳಿದಳು. ಆಮೇಲೆ, ಕೇಳಬಾರದಿತ್ತೇನೋ ಎಂಬಂತೆ ಬಟ್ಟಲಿನ ಕಡೆ ನೋಡಿದಳು.

ಮನೆಗೆ ಬಂದ ಮೇಲೆ ಹಿಸನೊ, ಉಂಡ ಮೇಲೆ ವಾಪಸು ತಂದ ಏಳು ಪೆಟ್ಟಿಗೆಗಳನ್ನೂ ತೂಗಿದರು. ಅಜ್ಜಿಯ ಪೆಟ್ಟಿಗೆಯಲ್ಲಿ ಮೂಲಂಗಿ ಒಂದು ತುಂಡು ಉಳಿದಿತ್ತು. ನಲವತ್ತೆರಡು ಗ್ರಾಂ. ಬರೆದುಕೊಂಡರು. ಆಮೇಲೆ ಅಂಗಳಕ್ಕೆ ಹೋಗಿ ಡಿಕ್ಕಿಯ ನೆಲ ಎತ್ತಿದರು. ಚೀಲದ ಒಳಮಡಿಕೆಯ ಟೇಪುಗಳನ್ನು ಇದ್ದ ಹಾಗೆಯೇ ಬಿಟ್ಟು, ತಂತಿಯನ್ನು ಮಾತ್ರ ಹೊರತೆಗೆದರು. ಕಾರ್ಖಾನೆಯ ಕಟ್ಟು ಬಿಗಿಯಾಗಿತ್ತು. ಅಡುಗೆಯ ಕತ್ತರಿ ತಂದು ಅದನ್ನು ಕತ್ತರಿಸಿದರು.

"ರೀ" ಎಂದು ಕರೆದರು. "ಇದರ ಯಾವ ತುದಿ ಎಲ್ಲಿಗೆ ಚುಚ್ಚೋದು?"